ಬಟ್ಟಲಲ್ಲಿ ಎಷ್ಟು ಬೀಜ ಉಳಿದಿವೆ? ಬೋರ್ಡ್ ಆಟ ಆಡಿಸಿ ನಾಳೆಯ ಮಾತು ಶುರು ಮಾಡುವ ಬಗೆ

ಆಟದ ಐದನೇ ವರ್ಷ ಶುರುವಾಗುವಾಗ ಊರಿನ ನೀರಿನ ಬಟ್ಟಲಿನಲ್ಲಿ 14 ಹುಣಸೆ ಬೀಜ ಉಳಿದಿರುತ್ತವೆ. ಸುತ್ತ ಐದು ಜನ ಕೂತಿದ್ದಾರೆ. ಎಲ್ಲರ ಕೈಯಲ್ಲೂ ಟೊಮೆಟೊ ಚೀಟಿ. ಒಬ್ಬೊಬ್ಬರಿಗೂ ಮೂರು ಬೀಜ ಬೇಕು, ಅಂದರೆ 15. ಒಂದು ಬೀಜ ಸಾಲದು. ಅಲ್ಲಿಯವರೆಗೆ ನಗುತ್ತಾ ಆಡುತ್ತಿದ್ದವರು ಒಮ್ಮೆಲೇ ಸುಮ್ಮನಾಗುತ್ತಾರೆ. ಆಮೇಲೆ ಯಾರೋ ಒಬ್ಬರು, "ನಮ್ಮ ಮೇಲಿನ ಹೊಲದ ಬೋರೂ ಹೀಗೇ ಆಯ್ತು" ಅನ್ನುತ್ತಾರೆ. ಅಲ್ಲಿಂದ ಮಾತು ಆಟದ್ದಲ್ಲ, ಊರಿನದ್ದು.

ಆ ಮಾತಿಗಾಗಿಯೇ ನಾನು ಕಾರ್ಯಾಗಾರಗಳಿಗೆ ಆಟ ಹೊತ್ತುಕೊಂಡು ಹೋಗುತ್ತೇನೆ. ಜನರನ್ನು ಕೂರಿಸಿ "ಇನ್ನು 20 ವರ್ಷಕ್ಕೆ ನಿಮ್ಮೂರು ಹೇಗಿರಬೇಕು?" ಅಂತ ಕೇಳಿ ನೋಡಿ. ಒಂದೋ ಮೌನ, ಇಲ್ಲವೇ ಭಾಷಣದಲ್ಲಿ ಕೇಳಿದ್ದೇ ಉತ್ತರ. "ಹಸಿರಾಗಿರಬೇಕು, ಎಲ್ಲರೂ ಚೆನ್ನಾಗಿರಬೇಕು." ಅದು ತಪ್ಪಲ್ಲ. ಆದರೆ ಅದರ ಮೇಲೆ ಚರ್ಚೆ ಬೆಳೆಯುವುದಿಲ್ಲ. ಆಟ ಅಭಿಪ್ರಾಯ ಕೇಳುವುದಿಲ್ಲ, ತೀರ್ಮಾನ ಕೇಳುತ್ತದೆ. ಈ ವರ್ಷ ರಾಗಿಯೋ ಟೊಮೆಟೊವೋ, ಈಗಲೇ ಚೀಟಿ ಇಡಿ. ಇಟ್ಟ ಚೀಟಿಯ ಫಲ ಹತ್ತು ನಿಮಿಷದಲ್ಲಿ ಕಣ್ಣೆದುರು ಬರುತ್ತದೆ. ನಿಜವಾದ ಹೊಲದಲ್ಲಿ ಅದಕ್ಕೆ ಹತ್ತು ವರ್ಷ ಬೇಕು.

ಇಲ್ಲಿ ನಾನು ಒಂದೇ ಉದಾಹರಣೆ ಹಿಡಿದು ಹೇಳುತ್ತೇನೆ: ಕೋಲಾರದ ಕಡೆಯ ಒಂದು ಊರಿನ ಅಂತರ್ಜಲ. ನಿಮ್ಮ ವಿಷಯ ಬೇರೆ ಇರಬಹುದು. ವಿಧಾನ ಇದೇ.

ಮೊದಲು ಪ್ರಶ್ನೆ, ಆಮೇಲೆ ಆಟ

ಬಹಳ ಜನ ಆಟದಿಂದ ಶುರು ಮಾಡುತ್ತಾರೆ. ಚೆನ್ನಾಗಿರುವ ಆಟ ಸಿಕ್ಕಿತು, ಇದನ್ನು ಎಲ್ಲಾದರೂ ಆಡಿಸೋಣ ಅಂತ. ಹಾಗೆ ಮಾಡಬೇಡಿ. ಮೊದಲು ಪ್ರಶ್ನೆ ಗಟ್ಟಿ ಮಾಡಿಕೊಳ್ಳಿ. ಪ್ರಶ್ನೆಯಲ್ಲಿ ಮೂರು ಸಂಗತಿ ಇರಬೇಕು: ಒಂದು ಜಾಗ, ಒಂದು ಅವಧಿ, ಅಲ್ಲಿನ ಜನ ನಿಜವಾಗಿ ಮಾಡಬಹುದಾದ ಒಂದು ಆಯ್ಕೆ. "2050ರ ಕರ್ನಾಟಕ" ಪ್ರಶ್ನೆ ಅಲ್ಲ. "ಇನ್ನು ಹನ್ನೆರಡು ವರ್ಷ ಈ ಊರಿನ ಬೋರ್‌ವೆಲ್‌ಗಳಲ್ಲಿ ನೀರು ಇರಬೇಕಾದರೆ ಯಾರು ಏನು ಬೆಳೆಯಬೇಕು?" ಇದು ಪ್ರಶ್ನೆ.

ಕಾರ್ಯಾಗಾರಕ್ಕೆ ವಾರ ಮುಂಚೆ ಊರಿನ ಮೂರು ನಾಲ್ಕು ಜನರ ಹತ್ತಿರ ಮಾತಾಡಿ. ಅದರಲ್ಲಿ ಒಬ್ಬರು ಹೆಂಗಸಾಗಿರಲಿ, ಒಬ್ಬರು ಹೊಲ ಇಲ್ಲದವರಾಗಿರಲಿ. ನಿಮ್ಮ ಪ್ರಶ್ನೆ ಅವರದ್ದೂ ಹೌದಾ ಅಂತ ಕೇಳಿ. ಅವರು ಬೇರೆ ಪ್ರಶ್ನೆ ಮುಂದಿಟ್ಟರೆ ನಿಮ್ಮದನ್ನು ಬಿಟ್ಟುಬಿಡಿ.

ಸಿದ್ಧ ಆಟವೋ, ಮನೆಯಲ್ಲೇ ಮಾಡಿದ್ದೋ

ಅಂಗಡಿಯಲ್ಲಿ ಸಿಗುವ ಆಟಗಳಲ್ಲಿ ಒಳ್ಳೆಯವು ಇವೆ. ಹವಾಮಾನದ ಬಗ್ಗೆ ಆದರೆ 2023ರಲ್ಲಿ ಬಂದ "ಡೇಬ್ರೇಕ್" ನೋಡಿ. ಮ್ಯಾಟ್ ಲೀಕಾಕ್ ಮತ್ತು ಮತ್ತೇವೋ ಮೆನಪಾಚೆ ಮಾಡಿದ್ದು. ಇದರಲ್ಲಿ ಆಟಗಾರರು ಒಬ್ಬರನ್ನೊಬ್ಬರು ಸೋಲಿಸುವುದಿಲ್ಲ. ಎಲ್ಲರೂ ಸೇರಿ ಗೆಲ್ಲಬೇಕು, ಇಲ್ಲ ಸೇರಿ ಸೋಲಬೇಕು. ಆದರೆ ಕಾರ್ಡ್‌ಗಳ ತುಂಬ ಇಂಗ್ಲಿಷ್, ನಿಯಮಗಳೂ ಜಾಸ್ತಿ. ಹೆಚ್ಚೆಂದರೆ ನಾಲ್ಕು ಜನ ಆಡಬಹುದು. ಕಾಲೇಜು ಹುಡುಗರಿಗೆ ಸರಿ, ಹಳ್ಳಿಯ ಸಭೆಗೆ ಕಷ್ಟ.

ಮಾತಿಗೆ ಮಾತು ಬೆಳೆಯಬೇಕು, ಲೆಕ್ಕ ಬೇಡ ಅನ್ನುವವರಿಗೆ "ದಿ ಥಿಂಗ್ ಫ್ರಮ್ ದಿ ಫ್ಯೂಚರ್" ಅನ್ನುವ ಕಾರ್ಡ್ ಆಟದ ಉಪಾಯ ಹೊಂದುತ್ತದೆ. ಸ್ಟುವರ್ಟ್ ಕ್ಯಾಂಡಿ ಮತ್ತು ಜೆಫ್ ವಾಟ್ಸನ್ ರೂಪಿಸಿದ್ದು. ಎಂಥ ಕಾಲ, ಎಲ್ಲಿ, ಯಾವ ವಸ್ತು, ಎಂಥ ಭಾವ ಎಂಬ ನಾಲ್ಕು ಬಗೆಯ ಚೀಟಿಗಳನ್ನು ಎತ್ತಿ, ಆ ಕಾಲದ ಒಂದು ವಸ್ತುವನ್ನು ಊಹಿಸಿ ಹೇಳಬೇಕು. ಈ ಉಪಾಯವನ್ನು ಕನ್ನಡದ ಚೀಟಿಗಳಲ್ಲಿ ಅರ್ಧ ಗಂಟೆಯಲ್ಲಿ ಮಾಡಿಕೊಳ್ಳಬಹುದು. "ಎಲ್ಲ ಬತ್ತಿಹೋದ ಕಾಲ, ಸಂತೆ, ಕೊಡ, ಸಮಾಧಾನ" ಅಂತ ಬಂದರೆ ಏನು ಹೇಳುತ್ತೀರಿ? ಸಮಾಧಾನ ಅನ್ನುವ ಚೀಟಿಯೇ ಅಲ್ಲಿ ಎಲ್ಲರನ್ನೂ ಯೋಚನೆಗೆ ಹಚ್ಚುತ್ತದೆ.

ನಮ್ಮ ಮನೆ ಆಟಗಳನ್ನೂ ಬಳಸಬಹುದು. ಎಚ್ಚರ ಮಾತ್ರ ಬೇಕು. ಹಾವು ಏಣಿ ಎಲ್ಲರಿಗೂ ಗೊತ್ತು. ಆದರೆ ಅದರಲ್ಲಿ ದಾಳ ಹೇಳಿದಂತೆ ನಡೆಯುವುದು ಬಿಟ್ಟರೆ ಆಟಗಾರನಿಗೆ ಬೇರೆ ಆಯ್ಕೆಯೇ ಇಲ್ಲ. ನಾಳೆಯ ಬಗ್ಗೆ ಮಾತಾಡಿಸಲು ಹೋಗಿ "ಎಲ್ಲ ಹಣೆಬರಹ" ಅನ್ನುವ ಪಾಠ ಹೇಳಿದ ಹಾಗಾಗುತ್ತದೆ. ಅದನ್ನು ಬಳಸಲೇಬೇಕು ಅಂದರೆ ಖಾಲಿ ಪಟ ಕೊಟ್ಟು ಹಾವು, ಏಣಿಗಳನ್ನು ಜನರಿಂದಲೇ ಬರೆಸಿ. ಇದು ಹೊಸದೇನಲ್ಲ. ವೈಕುಂಠ ಏಕಾದಶಿಯ ಜಾಗರಣೆಗೆ ಆಡುವ ಪರಮಪದ ಸೋಪಾನ ಪಟದಲ್ಲಿ ಒಂದೊಂದು ಏಣಿಯೂ ಒಂದು ಸದ್ಗುಣ, ಒಂದೊಂದು ಹಾವೂ ಒಂದು ದೋಷ. ಅಳಗುಳಿ ಮಣೆ, ಅಂದರೆ ಕರಾವಳಿಯವರ ಚೆನ್ನೆಮಣೆ, ಹಂಚುವುದು ಮತ್ತು ಕೂಡಿಡುವುದರ ಬಗ್ಗೆ ಮಾತಾಡಲು ಇದಕ್ಕಿಂತ ಚೆನ್ನಾಗಿ ಹೊಂದುತ್ತದೆ. ಚೌಕಾಬಾರದಿಂದ ನಾನು ಕವಡೆ ಮಾತ್ರ ತೆಗೆದುಕೊಂಡಿದ್ದೇನೆ. ಮಳೆಗೆ ಕವಡೆಯಷ್ಟು ಸರಿಯಾದ ವಸ್ತು ಇನ್ನೊಂದಿಲ್ಲ.

ಆಟ ಆರಿಸುವಾಗ ನೆನಪಿಡಬೇಕಾದ ಒಂದು ಹಳೆಯ ಕಥೆ ಇದೆ. ಬೇಸಿಗೆ ರಜೆಯಲ್ಲಿ ನಾವೆಲ್ಲ ಆಡಿದ ಬಿಸಿನೆಸ್ ಆಟದ ಬೇರು ಅಮೆರಿಕದ ಎಲಿಜಬೆತ್ ಮ್ಯಾಗಿ ಎಂಬಾಕೆ 1904ರಲ್ಲಿ ಪೇಟೆಂಟ್ ಪಡೆದ "ಲ್ಯಾಂಡ್‌ಲಾರ್ಡ್ಸ್ ಗೇಮ್" ಆಟದಲ್ಲಿದೆ. ಜಮೀನು ಕೆಲವರ ಕೈ ಸೇರಿದರೆ ಉಳಿದವರ ಗತಿ ಏನಾಗುತ್ತದೆ ಅಂತ ತೋರಿಸುವುದು ಆಕೆಯ ಉದ್ದೇಶ. ಅದಕ್ಕೆ ಆಕೆ ಎರಡು ಬಗೆಯ ನಿಯಮ ಬರೆದರು. ಒಂದರಲ್ಲಿ ಒಬ್ಬನೇ ಎಲ್ಲವನ್ನೂ ನುಂಗುತ್ತಾನೆ. ಇನ್ನೊಂದರಲ್ಲಿ ಸಂಪತ್ತು ಬೆಳೆದರೆ ಎಲ್ಲರಿಗೂ ಪಾಲು. ಪಟ ಒಂದೇ, ನಿಯಮ ಬೇರೆ, ಊರೇ ಬೇರೆ. ಮುಂದೆ 1935ರಲ್ಲಿ ಪಾರ್ಕರ್ ಬ್ರದರ್ಸ್ ಕಂಪನಿ ಮಾರಿದ, ನಮ್ಮ ಬಿಸಿನೆಸ್ ಆಟಕ್ಕೆ ಮಾದರಿಯಾದ "ಮೊನಾಪಲಿ"ಯಲ್ಲಿ ಉಳಿದದ್ದು ಮೊದಲನೆಯದು ಮಾತ್ರ. ಎರಡನೆಯ ನಿಯಮ ಇತ್ತು ಅನ್ನುವುದೇ ಆಡುವವರಿಗೆ ಮರೆತುಹೋಯಿತು.

ಆಟದಲ್ಲಿ ನಾಳೆ ಅಡಗಿರುವುದು ನಿಯಮದಲ್ಲಿ. ಹಾಗಾಗಿ ಜನ ನಿಯಮವನ್ನೇ ಮುಟ್ಟಿ ಬದಲಿಸುವಂಥ ಆಟ ಬೇಕು. ಫಳಫಳ ಹೊಳೆಯುವ ಪೆಟ್ಟಿಗೆಯ ಆಟಕ್ಕಿಂತ ಬಟ್ಟಲು, ಬೀಜದ ಆಟ ಅದಕ್ಕೆ ಒಳ್ಳೆಯದು. ಮುದ್ರಿಸಿದ ಪುಸ್ತಕದ ನಿಯಮ ಪ್ರಶ್ನಿಸಲು ಜನ ಹಿಂಜರಿಯುತ್ತಾರೆ. ಕೈಬರಹದ ನಿಯಮವನ್ನು "ಇದು ಸರಿ ಇಲ್ಲ" ಅನ್ನಲು ಯಾರಿಗೂ ಸಂಕೋಚ ಇಲ್ಲ.

ಆಟ ಕಟ್ಟುವುದು

ಒಂದು ಮೇಜಿಗೆ ಬೇಕಾದದ್ದು: ಒಂದು ಅಗಲವಾದ ಬಟ್ಟಲು, ನೂರು ಹುಣಸೆ ಬೀಜ, ನಾಲ್ಕು ಕವಡೆ, ಲಾಭ ಎಣಿಸಲು ಎರಡು ಹಿಡಿ ಅವರೆಕಾಳು, ಐದು ಜನರಿಗೆ ತಲಾ ಎರಡು ಚೀಟಿ. ಒಂದರಲ್ಲಿ ರಾಗಿ ತೆನೆಯ ಚಿತ್ರ, ಇನ್ನೊಂದರಲ್ಲಿ ಟೊಮೆಟೊ. ಅಕ್ಷರ ಬೇಡ, ಚಿತ್ರ ಸಾಕು. ಓದಲು ಬಾರದವರೂ ಸಮನಾಗಿ ಆಡಬೇಕು.

ಬಟ್ಟಲಿಗೆ 50 ಬೀಜ ಹಾಕಿ. ಅದು ಊರಿನ ಅಂತರ್ಜಲ. ಐವರೂ ರೈತರು. ಆರನೆಯವರು ಬಟ್ಟಲು ನೋಡಿಕೊಳ್ಳುವವರು. ನಾನು ಅವರಿಗೆ ನೀರುಗಂಟಿ ಅಂತ ಹೆಸರಿಡುತ್ತೇನೆ. ಕೆರೆಯ ತೂಬು ಎತ್ತಿ ಅಚ್ಚುಕಟ್ಟಿನ ಗದ್ದೆಗಳಿಗೆ ನೀರು ಬಿಡುತ್ತಿದ್ದ ನೀರುಗಂಟಿಯ ನೆನಪು ಆ ಭಾಗದ ಹಿರಿಯರಿಗೆ ಇನ್ನೂ ಇದೆ. ಹೆಸರು ಕೇಳಿದರೆ ಸಾಕು, ಅವರೇ ಮಾತು ಶುರು ಮಾಡುತ್ತಾರೆ.

ಪ್ರತಿ ವರ್ಷ ಎಲ್ಲರೂ ಒಂದು ಚೀಟಿಯನ್ನು ಬೋರಲಾಗಿ ಇಡಬೇಕು. ಒಟ್ಟಿಗೆ ತಿರುಗಿಸಬೇಕು. ರಾಗಿ ಇಟ್ಟವರು ಬಟ್ಟಲಿಂದ ಒಂದು ಬೀಜ ತೆಗೆದು ಪಕ್ಕಕ್ಕಿಡುತ್ತಾರೆ, ಮೂರು ಅವರೆಕಾಳು ಪಡೆಯುತ್ತಾರೆ. ಟೊಮೆಟೊ ಇಟ್ಟವರು ಮೂರು ಬೀಜ ತೆಗೆಯುತ್ತಾರೆ, ಐದು ಅವರೆಕಾಳು ಪಡೆಯುತ್ತಾರೆ. ಆಮೇಲೆ ಮಳೆ. ನೀರುಗಂಟಿ ನಾಲ್ಕು ಕವಡೆ ಹಾಕಬೇಕು. ಬಾಯಿ ಮೇಲಾಗಿ ಬಿದ್ದ ಒಂದೊಂದು ಕವಡೆಗೂ ಮೂರು ಬೀಜ ಬಟ್ಟಲಿಗೆ ವಾಪಸ್. ಒಂದೂ ಮೇಲಾಗದಿದ್ದರೆ ಬರ. ವರ್ಷದ ಆರಂಭದಲ್ಲಿ ಬಟ್ಟಲಲ್ಲಿ 20ಕ್ಕಿಂತ ಕಡಿಮೆ ಬೀಜ ಇದ್ದರೆ ಬೋರ್ ಇನ್ನೂ ಆಳಕ್ಕೆ ಕೊರೆಸಲು ಪ್ರತಿಯೊಬ್ಬರೂ ಎರಡು ಅವರೆಕಾಳು ತೆರಬೇಕು.

ಲೆಕ್ಕ ಹೀಗೆ ಕೂರುತ್ತದೆ. ಸರಾಸರಿ ಎರಡು ಕವಡೆ ಮೇಲಾದರೆ ವರ್ಷಕ್ಕೆ ಆರು ಬೀಜ ಮಳೆ. ಎಲ್ಲರೂ ರಾಗಿ ಬೆಳೆದರೆ ಖರ್ಚು ಐದು, ಆರು ವರ್ಷಕ್ಕೆ ಬಟ್ಟಲು 56ಕ್ಕೆ ಏರುತ್ತದೆ. ಎಲ್ಲರೂ ಟೊಮೆಟೊ ಬೆಳೆದರೆ ಖರ್ಚು 15, ಪ್ರತಿ ವರ್ಷ ಒಂಬತ್ತು ಬೀಜ ಕರಗುತ್ತಾ ಹೋಗಿ ಐದನೇ ವರ್ಷಕ್ಕೆ ಒಂದು ಬೀಜ ಸಾಲದೆ ಬರುತ್ತದೆ. ಲೇಖನದ ಮೊದಲಲ್ಲಿ ಹೇಳಿದ್ದು ಅದನ್ನೇ.

ಆಗ ಬೀಜ ಯಾರಿಗೆ ತಪ್ಪಬೇಕು? ಇದಕ್ಕೆ ನಿಯಮ ಬರೆಯಬೇಡಿ. ಬೇಕಂತಲೇ ಬಿಡಿ. "ಈಗ ಏನು ಮಾಡೋದು ಸರ್?" ಅಂತ ನಿಮ್ಮನ್ನು ಕೇಳುತ್ತಾರೆ. "ನೀವೇ ತೀರ್ಮಾನ ಮಾಡಿ" ಅನ್ನಿ. ಅಲ್ಲಿ ನಡೆಯುವ ಐದು ನಿಮಿಷದ ಜಗಳ ಇಡೀ ದಿನದ ಅತಿ ಮುಖ್ಯ ಮಾತು. ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ, ಮಧ್ಯೆ ಬಾಯಿ ಹಾಕಬೇಡಿ.

ಇನ್ನೊಂದು ಮಾತು, ಇದು ನನಗೆ ಬಹಳ ಮುಖ್ಯ. ರಾಗಿ ಬೆಳೆದವರೇ ಗೆಲ್ಲುವ ಹಾಗೆ ಆಟವನ್ನು ತಿರುಚಬೇಡಿ. ಮೇಲಿನ ಲೆಕ್ಕದಲ್ಲಿ ಮೊದಲ ನಾಲ್ಕು ವರ್ಷ ಟೊಮೆಟೊ ಬೆಳೆದವರಿಗೆ 20 ಅವರೆಕಾಳು, ರಾಗಿ ಬೆಳೆದವರಿಗೆ 12. ಟೊಮೆಟೊ ನಿಜವಾಗಲೂ ಲಾಭ. ಟೊಮೆಟೊ ಬೆಳೆಯುವವರು ದಡ್ಡರಲ್ಲ. ಮಗಳ ಫೀಸು ಕಟ್ಟಬೇಕು, ಸಾಲ ತೀರಿಸಬೇಕು. ಆಟ ಅದನ್ನು ಮುಚ್ಚಿಟ್ಟರೆ ಜನರಿಗೆ ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ, ಆಮೇಲೆ ನಿಮ್ಮ ಮಾತು ಯಾರೂ ಕೇಳುವುದಿಲ್ಲ.

ಪೀಳಿಗೆ ಬದಲಾಗುವ ನಿಯಮ

ಆರು ವರ್ಷ ಮುಗಿದ ಮೇಲೆ ಐವರೂ ಎದ್ದು ಹೋಗಬೇಕು. ಅವರವರ ಅವರೆಕಾಳು ಅವರವರದ್ದೇ. ಬಟ್ಟಲು ಮಾತ್ರ ಅಲ್ಲೇ ಇರುತ್ತದೆ. ಅದರಲ್ಲಿ ಎಷ್ಟು ಬೀಜ ಉಳಿದಿವೆಯೋ ಅಷ್ಟರಿಂದಲೇ ಎರಡನೆಯ ತಂಡ ಶುರು ಮಾಡಬೇಕು. ಹೊಸದಾಗಿ 50 ತುಂಬುವಂತಿಲ್ಲ.

ಈ ಒಂದು ನಿಯಮ ಇಲ್ಲದಿದ್ದರೆ ಇದು ಬರೀ ಲೆಕ್ಕದ ಆಟ. ಇದು ಸೇರಿದಾಗಲೇ ನಾಳೆ ಅನ್ನುವುದಕ್ಕೆ ಮುಖ ಬರುತ್ತದೆ. ಸಾಧ್ಯವಾದರೆ ಮೊದಲ ತಂಡದಲ್ಲಿ ಹಿರಿಯರನ್ನು, ಎರಡನೆಯದರಲ್ಲಿ ಅವರದ್ದೇ ಊರಿನ ಹುಡುಗ ಹುಡುಗಿಯರನ್ನು ಕೂರಿಸಿ. ಮೊದಲ ತಂಡಕ್ಕೆ ಈ ನಿಯಮ ಮೊದಲೇ ಹೇಳಬೇಕಾ? ಎರಡೂ ಬಗೆಯಲ್ಲಿ ಆಡಿಸಬಹುದು. ನನ್ನ ಒಲವು ಮೊದಲೇ ಹೇಳುವುದರ ಕಡೆಗೆ. ಮುಚ್ಚಿಟ್ಟು ಆಮೇಲೆ ಹೇಳಿದರೆ ಹಿರಿಯರಿಗೆ ಮೋಸ ಹೋದೆವು ಅನಿಸುತ್ತದೆ. ಮೊದಲೇ ಗೊತ್ತಿದ್ದೂ ಬಟ್ಟಲು ಬರಿದಾದರೆ, ಏಕೆ ಹಾಗಾಯಿತು ಅಂತ ಅವರೇ ಯೋಚಿಸುತ್ತಾರೆ.

ಮೊದಲ ಮೂರು ವರ್ಷ ಆಡುವಾಗ ಮಾತಾಡುವಂತಿಲ್ಲ ಅಂತ ಮಾಡಿ. ನಾಲ್ಕನೇ ವರ್ಷದಿಂದ ಮಾತಿಗೆ ಅವಕಾಶ. ಮಾತು ಶುರುವಾದ ಕೂಡಲೇ ಆಟ ಹೇಗೆ ಬದಲಾಗುತ್ತದೆ ಅನ್ನುವುದನ್ನು ಎಲ್ಲರೂ ನೋಡಲಿ.

ಆಮೇಲೆ ನಾಲ್ಕೈದು ವಿಶೇಷ ಚೀಟಿ ಬೇಕು. ಅವನ್ನು ಆ ಊರಿನ ಬದುಕಿನಿಂದಲೇ ಎತ್ತಿಕೊಳ್ಳಿ. ಕೋಲಾರವಾದರೆ "ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ಕೆರೆಗೆ ಬಂತು, ಬಟ್ಟಲಿಗೆ ಹತ್ತು ಬೀಜ" ಅನ್ನುವುದು ಒಂದು. ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ 2018ರಿಂದ ಇದು ನಿಜವಾಗಿ ನಡೆದಿದೆ. ಆ ನೀರಿನ ಬಗ್ಗೆ ಜನರಿಗೆ ಖುಷಿಯೂ ಇದೆ, ಅನುಮಾನವೂ ಇದೆ. ಎರಡೂ ಹೊರಗೆ ಬರಲಿ. "ಟೊಮೆಟೊ ಬೆಲೆ ಎರಡರಷ್ಟಾಯಿತು" ಇನ್ನೊಂದು. 2023ರ ಜುಲೈನಲ್ಲಿ ಕಿಲೋ ನೂರು ರೂಪಾಯಿ ದಾಟಿದ್ದನ್ನು ಯಾರೂ ಮರೆತಿಲ್ಲ. "ಬೆಲೆ ಬಿತ್ತು, ರಸ್ತೆಗೆ ಸುರಿಯಬೇಕಾಯಿತು" ಅನ್ನುವುದನ್ನೂ ಹಾಕಿ. ಎರಡನೆಯ ಮತ್ತು ಐದನೆಯ ವರ್ಷ ಒಂದೊಂದು ಎತ್ತಿಸಿದರೆ ಸಾಕು. ಜಾಸ್ತಿ ಮಾಡಿದರೆ ಅದೂ ಹಾವು ಏಣಿಯೇ ಆಗುತ್ತದೆ.

ಇಷ್ಟಾದ ಮೇಲೆ ಮನೆಯವರನ್ನೋ ಗೆಳೆಯರನ್ನೋ ಕೂರಿಸಿ ಎರಡು ಸಲ ಆಡಿ ನೋಡಿ. ತೊಡಕು ಎಲ್ಲಿದೆ ಅಂತ ಅಲ್ಲೇ ಗೊತ್ತಾಗುತ್ತದೆ.

ಆಡಿಸುವ ದಿನ

ಮೂರು ಗಂಟೆ ಇಟ್ಟುಕೊಳ್ಳಿ. ಪಂಚಾಯಿತಿಯ ಅರಿವು ಕೇಂದ್ರ, ಶಾಲೆಯ ಜಗಲಿ, ಅರಳಿಕಟ್ಟೆ, ಎಲ್ಲಿಯಾದರೂ ಸರಿ. ಕುರ್ಚಿ ಮೇಜಿಗಿಂತ ಚಾಪೆ ವಾಸಿ. ಬಟ್ಟಲು ಎಲ್ಲರಿಗೂ ಕಾಣಬೇಕು.

ನಿಯಮ ಹೇಳಲು ಐದೇ ನಿಮಿಷ. ಒಮ್ಮೆ ನಾನು ಪ್ರತಿಯೊಂದು ನಿಯಮವನ್ನೂ ಬಿಡಿಸಿ ಹೇಳುತ್ತಾ ಅರ್ಧ ಗಂಟೆ ಕಳೆದೆ. ಆಟ ಶುರುವಾಗುವಷ್ಟರಲ್ಲಿ ಹಿಂದೆ ಕೂತಿದ್ದ ಹೆಂಗಸರು ಹಾಲು ಕರೆಯುವ ಹೊತ್ತಾಯಿತು ಅಂತ ಎದ್ದು ಹೋಗಿದ್ದರು. ಅವರ ಮಾತೇ ಆ ದಿನ ನಮಗೆ ಸಿಗಲಿಲ್ಲ. ಅಂದಿನಿಂದ ಒಂದು ವರ್ಷವನ್ನು ಸುಮ್ನೆ ಆಡಿ ತೋರಿಸುತ್ತೇನೆ, ಬೀಜ ವಾಪಸ್ ಹಾಕಿ ನಿಜವಾದ ಆಟ ಶುರು ಮಾಡುತ್ತೇನೆ. ಹೊತ್ತು ಗೊತ್ತು ಮಾಡುವಾಗಲೂ ಹೆಂಗಸರನ್ನೇ ಮೊದಲು ಕೇಳುತ್ತೇನೆ.

ಯಾರು ಎಲ್ಲಿ ಕೂರುತ್ತಾರೆ ಅನ್ನುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನೀವು ಸುಮ್ಮನಿದ್ದರೆ ಗಂಡಸರು ಬಟ್ಟಲ ಸುತ್ತ ಕೂರುತ್ತಾರೆ, ಹೆಂಗಸರು ಗೋಡೆಗೆ ಒರಗಿ ನೋಡುತ್ತಾರೆ. ಜಮೀನಿನ ಯಜಮಾನ, ಅವರ ಹೊಲಕ್ಕೆ ಕೂಲಿಗೆ ಹೋಗುವವರು ಒಂದೇ ಬಟ್ಟಲಿಗೆ ಬಂದರೆ ಯಜಮಾನ ಇಟ್ಟ ಚೀಟಿಯನ್ನೇ ಎಲ್ಲರೂ ಇಡುತ್ತಾರೆ. ಆದ್ದರಿಂದ ಎರಡು ಮೂರು ಬಟ್ಟಲು ಇರಲಿ. ಮೊದಲ ಸುತ್ತಿಗೆ ಹೆಂಗಸರದ್ದೇ ಒಂದು ಬಟ್ಟಲು, ಪಂಚಾಯಿತಿ ಸದಸ್ಯರು ಮತ್ತು ದೊಡ್ಡ ಹಿಡುವಳಿಯವರದ್ದು ಬೇರೆ. ಮುಂದಿನ ಸುತ್ತಿಗೆ ಬೆರೆಸಿ. ಅಷ್ಟರಲ್ಲಿ ಎಲ್ಲರಿಗೂ ಆಟ ಕೈಗೆ ಹತ್ತಿರುತ್ತದೆ, ಭಯ ಹೋಗಿರುತ್ತದೆ.

ಒಂದು ಪೀಳಿಗೆ ಆಡಲು 25 ನಿಮಿಷ ಸಾಕು. ಎರಡು ಪೀಳಿಗೆ ಮುಗಿದ ಮೇಲೆ ಟೀ ಕೊಡಿ. ಟೀ ಕುಡಿಯುವಾಗ ಜನ ಒಬ್ಬರ ಮೇಲೊಬ್ಬರು ಹಾಕುವ ತಮಾಷೆಯ ಆರೋಪಗಳನ್ನು ಕಿವಿಗೊಟ್ಟು ಕೇಳಿ. "ನೀನು ಎಲ್ಲ ವರ್ಷ ಟೊಮೆಟೊನೇ ಇಟ್ಟೆಯಲ್ಲ ಮಾರಾಯ" ಅನ್ನುವುದರಲ್ಲಿ ಮುಂದಿನ ಚರ್ಚೆಯ ತಲೆಬರಹ ಇರುತ್ತದೆ.

ಆಟ ನಿಲ್ಲಿಸಿ ಮಾತು ಶುರು

ಇಲ್ಲಿಗೆ 45 ನಿಮಿಷ ಕಡ್ಡಾಯ. ಹೊತ್ತು ಸಾಲದಿದ್ದರೆ ಒಂದು ಸುತ್ತು ಆಟ ಕಡಿಮೆ ಮಾಡಿ, ಮಾತನ್ನು ಕತ್ತರಿಸಬೇಡಿ. ಬಟ್ಟಲು ಮಧ್ಯದಲ್ಲೇ ಇರಲಿ.

ಮೊದಲು ಎರಡನೇ ಪೀಳಿಗೆಯವರನ್ನು ಕೇಳಿ: ಬಟ್ಟಲು ನಿಮ್ಮ ಕೈಗೆ ಬಂದಾಗ ಏನನಿಸಿತು? ಹಿರಿಯರು ಉತ್ತರ ಕೊಡಲು ಮುಂದೆ ಬರುತ್ತಾರೆ, ಸ್ವಲ್ಪ ತಡೆಯಿರಿ. ಹುಡುಗರು ಪೂರ್ತಿ ಹೇಳಲಿ. ಆಮೇಲೆ ಮೊದಲ ಪೀಳಿಗೆಯವರನ್ನು ಕೇಳಿ: ಯಾವ ವರ್ಷ ನಿಮಗೆ ಇದು ಸರಿಹೋಗುವುದಿಲ್ಲ ಅಂತ ಗೊತ್ತಾಯಿತು? ಗೊತ್ತಾದ ಮೇಲೂ ಏಕೆ ನಿಲ್ಲಿಸಲಾಗಲಿಲ್ಲ? ಇದು ತಪ್ಪು ಹುಡುಕುವ ಪ್ರಶ್ನೆಯಾಗಿ ಕೇಳಿಸಬಾರದು. ದನಿ ಮೆತ್ತಗಿರಲಿ.

ಮೂರನೆಯ ಪ್ರಶ್ನೆ ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಫಲ ಕೊಟ್ಟದ್ದು: ಈ ಆಟ ಎಲ್ಲಿ ಸುಳ್ಳು ಹೇಳುತ್ತಿದೆ? ಆಗ ನೋಡಿ. "ರಾಗಿ ಮಳೆ ಬೆಳೆ, ಅದಕ್ಕೆ ಬೋರಿನ ನೀರು ಯಾಕೆ ತೆಗೆದಿರಿ?" "ನಾವು ಡ್ರಿಪ್ ಹಾಕಿದ್ದೀವಿ, ಟೊಮೆಟೊಗೆ ಮೂರು ಬೀಜ ಬೇಕಾಗಲ್ಲ." "ಎಲ್ಲರ ಬೋರೂ ಒಂದೇ ಆಳ ಇರುತ್ತಾ? ಅವರದ್ದು ಸಾವಿರದ ಇನ್ನೂರು ಅಡಿ, ನನ್ನದು ಆರುನೂರಕ್ಕೇ ನಿಂತಿದೆ." "ಹೊಲ ಇಲ್ಲದವರು ಈ ಆಟದಲ್ಲಿ ಎಲ್ಲಿದ್ದಾರೆ?" ಇವೆಲ್ಲವೂ ಸರಿಯೇ. ಆಟವನ್ನು ಸಮರ್ಥಿಸಿಕೊಳ್ಳಲು ಹೋಗಬೇಡಿ. ಒಂದೊಂದನ್ನೂ ಅವರದ್ದೇ ಮಾತಿನಲ್ಲಿ ದೊಡ್ಡ ಹಾಳೆಯ ಮೇಲೆ ಬರೆಯಿರಿ. ಊರಿನ ನೀರಿನ ಬಗ್ಗೆ ನಿಮಗಿಂತ ಅವರಿಗೆ ಗೊತ್ತು. ಅಪೂರ್ಣವಾದ ಆಟ ಆ ತಿಳಿವಳಿಕೆಯನ್ನು ಹೊರಗೆ ಎಳೆಯುತ್ತದೆ.

ಯಾರೂ ಮಾತಾಡದಿದ್ದರೆ ಗಾಬರಿ ಬೇಡ. ಮನಸ್ಸಲ್ಲೇ ಹತ್ತರವರೆಗೆ ಎಣಿಸಿ. ನೀವು ಉಪದೇಶಕ್ಕೆ ಇಳಿದರೆ ಅಲ್ಲಿಯವರೆಗೆ ಕಟ್ಟಿದ್ದೆಲ್ಲ ಹೋಯಿತು.

ನಿಯಮ ಬದಲಿಸಿ ಮತ್ತೆ ಆಡಿ

ಈಗ ಆಟವನ್ನು ಅವರ ಕೈಗೆ ಕೊಡಿ. ಒಂದೊಂದು ಬಟ್ಟಲಿನವರೂ ಒಂದು ನಿಯಮ ಬದಲಿಸಬಹುದು, ಅಥವಾ ಹೊಸದೊಂದು ಸೇರಿಸಬಹುದು. ಒಂದೇ ಒಂದು. ವರ್ಷಕ್ಕೆ ಇಬ್ಬರಿಗೆ ಮಾತ್ರ ಟೊಮೆಟೊ, ಸರದಿಯ ಮೇಲೆ ಅನ್ನಬಹುದು. ಲಾಭದಲ್ಲಿ ಒಂದು ಕಾಳು ಕೆರೆಯ ಹೂಳೆತ್ತಲು, ಅದಕ್ಕೆ ಬದಲಾಗಿ ಮಳೆ ಬಂದಾಗ ಎರಡು ಬೀಜ ಹೆಚ್ಚು ಅನ್ನಬಹುದು. ಹೊಲ ಇಲ್ಲದವರ ಇನ್ನೊಂದು ಪಾತ್ರ ಸೇರಿಸಬಹುದು. ಬಟ್ಟಲಿಗೆ ಮತ್ತೆ 50 ಬೀಜ ತುಂಬಿ ಆರು ವರ್ಷ ಆಡಿಸಿ.

ಆಡುವಾಗ ಒಂದು ಪ್ರಶ್ನೆ ಬಿಡದೆ ಕೇಳಿ: ಈ ನಿಯಮ ಮುರಿದರೆ ಯಾರು ಕೇಳುತ್ತಾರೆ? ಬಟ್ಟಲಿನ ನೀರುಗಂಟಿ ಕೇಳುತ್ತಾರಾ, ಎಲ್ಲರೂ ಸೇರಿ ಕೇಳುತ್ತಾರಾ? ನಿಯಮ ಬರೆಯುವುದು ಸುಲಭ, ಮುಂದಿನ ವರ್ಷ ಬೆಲೆ ಎರಡರಷ್ಟಾದಾಗ ಉಳಿಸಿಕೊಳ್ಳುವುದು ಕಷ್ಟ. ಆ ಚೀಟಿಯನ್ನು ಇಲ್ಲಿ ಬೇಕಂತಲೇ ಎತ್ತಿಸಿ.

ಇದರಿಂದ ನಿಜವಾಗಿ ಏನಾದರೂ ಆಗುತ್ತದಾ ಅಂತ ನಿಮಗೆ ಅನುಮಾನ ಬಂದಿದ್ದರೆ, ಕೋಲಾರದ ಪಕ್ಕದ ಆಂಧ್ರಪ್ರದೇಶದಲ್ಲಿ ನಡೆದದ್ದನ್ನು ಹೇಳುತ್ತೇನೆ. ಇಂಟರ್‌ನ್ಯಾಷನಲ್ ಫುಡ್ ಪಾಲಿಸಿ ರಿಸರ್ಚ್ ಇನ್‌ಸ್ಟಿಟ್ಯೂಟ್‌ನ ಸಂಶೋಧಕರು ಫೌಂಡೇಶನ್ ಫಾರ್ ಇಕಾಲಜಿಕಲ್ ಸೆಕ್ಯುರಿಟಿ ಸಂಸ್ಥೆಯ ಜೊತೆ ಸೇರಿ ಅಲ್ಲಿನ ಹಳ್ಳಿಗಳಲ್ಲಿ ಬೆಳೆ ಆರಿಸುವ ಅಂತರ್ಜಲದ ಆಟ ಆಡಿಸಿದರು. ನಾನು ಮೇಲೆ ಹೇಳಿದ ಆಟಕ್ಕೂ ಆ ಬಗೆಯ ಆಟಗಳೇ ಪ್ರೇರಣೆ. ವರ್ಷದ ನಂತರ ನೋಡಿದಾಗ, ಆಟ ಆಡಿದ ಊರುಗಳಲ್ಲಿ ನೀರಿನ ಲೆಕ್ಕದ ಪುಸ್ತಕ ಇಡುವುದು, ಅಂತರ್ಜಲ ಬಳಕೆಗೆ ನಿಯಮ ಮಾಡಿಕೊಳ್ಳುವುದು ಆಡದ ಊರುಗಳಿಗಿಂತ ಹೆಚ್ಚಾಗಿತ್ತು. ಆ ಊರುಗಳಲ್ಲಿ ಸಂಸ್ಥೆಯ ಬೇರೆ ಕೆಲಸಗಳೂ ನಡೆಯುತ್ತಿದ್ದವು ಅನ್ನುವುದನ್ನು ಮರೆಯಬಾರದು. ಆಟ ಒಂದೇ ಏನನ್ನೂ ಮಾಡುವುದಿಲ್ಲ.

ಹಾಗಾಗಿ ಕೊನೆಯ 20 ನಿಮಿಷ ಆಟ ಬದಿಗಿಟ್ಟು ಒಂದು ಪುಟ ಬರೆಸಿ. ಆಡಿದ ನಿಯಮಗಳಲ್ಲಿ ಯಾವುದನ್ನು ಊರಲ್ಲಿ ಒಂದು ಹಂಗಾಮು ಪ್ರಯೋಗ ಮಾಡಿ ನೋಡಬಹುದು? ಅದನ್ನು ಗ್ರಾಮಸಭೆಯಲ್ಲಿ ಯಾರು ಎತ್ತುತ್ತಾರೆ? ಯಾವ ತಿಂಗಳು? ಒಪ್ಪಿಗೆ ಬಾರದಿದ್ದರೆ "ಒಪ್ಪಿಗೆ ಆಗಲಿಲ್ಲ, ಕಾರಣ ಇಂಥದ್ದು" ಅಂತಲೇ ಬರೆಸಿ. ಸುಳ್ಳು ಒಮ್ಮತಕ್ಕಿಂತ ಅದು ಮೇಲು.

ಬೇರೆ ವಿಷಯಕ್ಕೂ ಇದೇ ಚೌಕಟ್ಟು ಬಳಸಬಹುದು. ಬೆಂಗಳೂರಿನ ಅಪಾರ್ಟ್‌ಮೆಂಟ್ ಆದರೆ ರಾಗಿ, ಟೊಮೆಟೊ ಬದಲು ಮಳೆನೀರು ಕೊಯ್ಲು ಮತ್ತು ಟ್ಯಾಂಕರ್. 2024ರ ಬೇಸಿಗೆಯ ನೀರಿನ ಕೊರತೆ ಕಂಡವರಿಗೆ ವಿವರಣೆ ಬೇಕಿಲ್ಲ. ಎಲ್ಲರದ್ದೂ ಆದ ಒಂದು ಬಟ್ಟಲು, ಒಬ್ಬೊಬ್ಬರ ಗುಟ್ಟಿನ ಆಯ್ಕೆ, ಕೈಯಲ್ಲಿಲ್ಲದ ಒಂದು ಮಳೆ, ಬಟ್ಟಲನ್ನು ಪಡೆಯುವ ಮುಂದಿನ ತಂಡ. ಈ ನಾಲ್ಕು ಇದ್ದರೆ ಆಟ ಗಟ್ಟಿಯಾಗಿ ನಿಲ್ಲುತ್ತದೆ.

ಹೊರಡುವ ಮುಂಚೆ ಎರಡನೇ ಪೀಳಿಗೆ ಆಡಿ ಮುಗಿಸಿದಾಗ ಬಟ್ಟಲಲ್ಲಿ ಉಳಿದಷ್ಟೇ ಬೀಜಗಳನ್ನು ಒಂದು ಬಟ್ಟೆಯಲ್ಲಿ ಗಂಟು ಕಟ್ಟಿ, ಮೇಲೆ ಲೆಕ್ಕ ಬರೆದು ಆ ಊರಿನವರಿಗೇ ಕೊಡಿ. ಮೂರು ತಿಂಗಳ ನಂತರ ಮತ್ತೆ ಹೋದಾಗ ಗಂಟು ಬಿಚ್ಚಿಸಿ. ಮೂರನೇ ಪೀಳಿಗೆಯ ಆಟ ಅಲ್ಲಿಂದ ಶುರುವಾಗಲಿ.